ಎರಡಕ್ಕೂ ಐದಕ್ಕೂ ನಡುವಿನ ಚುಕ್ಕೆ

ನಾಶಿಕ್
೧೬ ಜನವರಿ ೨೦೨೫, ಗುರುವಾರ

ಪ್ರೀತಿಯ ಲತಾ,

ನಿನಗೆ ಅಕ್ಕನ ಆಶೀರ್ವಾದಗಳು. ವೈಜನಾಥ ಮಾವನಿಗೆ ನನ್ನ ಶರಣು ಹೇಳು. ನಾನು, ನಮ್ಮ ಮನೆಯವರು ಇಬ್ಬರೂ ಆರಾಮಾಗಿದ್ದೇವೆ. ಚಳಿಗೆ ಅವರ ಮೊಣಕಾಲು ನೋವು ಸ್ವಲ್ಪ ಹೆಚ್ಚಾಗಿದೆ, ಅಷ್ಟೆ. ನಿನ್ನ ಮಗಳು ಭಾಗ್ಯಶ್ರೀ ನಮ್ಮ ಮನೆಗೆ ಬಂದು ಎರಡು ತಿಂಗಳು ತುಂಬಿತು. ಗಂಗಾಪುರ ರಸ್ತೆಯ ಆರ್ಕಿಟೆಕ್ಟರ ಆಫೀಸಿನಲ್ಲಿ ಅವಳ ತರಬೇತಿ ಮುಗಿಯುತ್ತ ಬಂದಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆ. ರೊಟ್ಟಿ ಬಡಿಯುವುದನ್ನು ಕಲಿತಿದ್ದಾಳೆ. ಅಂಚು ಮಾತ್ರ ಇನ್ನೂ ದಪ್ಪ.

ಅವಳು ಇಲ್ಲಿಗೆ ಬಂದ ವಾರದಲ್ಲೇ ನೀನು ಫೋನಿಗೆ ಮಾತು ರೆಕಾರ್ಡ್ ಮಾಡಿ ಕಳಿಸಿದ್ದೆ. “ಅಕ್ಕಾ, ಕಂಪ್ಯೂಟರ್ ನಿನ್ನ ಕೂಡ ಕನ್ನಡದಾಗ ಮಾತಾಡ್ತದಂತ ಭಾಗ್ಯಶ್ರೀ ಹೇಳ್ಲತ್ತಾಳ. ಖರೇ ಏನು? ನೌಕರಿ ಹೆಂಗ ಮಾಡ್ತಿ? ಎಲ್ಲಾ ಬಿಡಿಸಿ ಹೇಳು.” ಎರಡು ತಿಂಗಳು ಉತ್ತರ ಕೊಡಲಿಲ್ಲ. ತಪ್ಪಾಯಿತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಮಾತು ತೆಗೆಯುತ್ತೀ, ನಾನು ಹೇಳಬೇಕಾದ್ದನ್ನು ಅಲ್ಲಿಗೇ ಬಿಡುತ್ತೇನೆ. ಅದಕ್ಕೆ ಕಾಗದ. ಇದನ್ನು ಯಾರಿಗೂ ಹೇಳಿ ಬರೆಸಿಲ್ಲ, ನಾನೇ ಟೈಪ್ ಮಾಡಿದ್ದೇನೆ.

ನನ್ನ ಕಣ್ಣಿನ ಸಂಗತಿ ನಿನಗೆ ಗೊತ್ತಿರುವುದೇ. ಛಾಪಖಾನೆಯಲ್ಲಿ ಇಪ್ಪತ್ತು ವರ್ಷ ಟೈಪು, ಕರಡು ತಿದ್ದುವುದು ಮಾಡಿಕೊಂಡಿದ್ದವಳಿಗೆ ಆರು ವರ್ಷದ ಹಿಂದೆ ಅಕ್ಷರ ಪೂರ್ತಿ ಕಾಣದಾಯಿತು. ನೌಕರಿ ಬಿಟ್ಟೆ. ಅಂಧರ ಸಂಘದವರು ಆಗ ಮಾತಾಡುವ ಕಂಪ್ಯೂಟರಿನ ತರಗತಿ ನಡೆಸುತ್ತಿದ್ದರು, ಹೋಗಿ ಕಲಿತೆ. ಅವರ ಹತ್ತಿರ ಇದ್ದದ್ದು ಕೊಂಡುಕೊಳ್ಳಬೇಕಾದ ಒಂದು ಪ್ರೋಗ್ರಾಮಿನ ಬಿಟ್ಟಿ ಮಾದರಿ. ನಲವತ್ತು ನಿಮಿಷಕ್ಕೊಮ್ಮೆ ಅದು ಬಾಯಿ ಮುಚ್ಚುತ್ತಿತ್ತು. ಮೆಷಿನ್ ಬಂದ್ ಮಾಡಿ ಮತ್ತೆ ಚಾಲೂ ಮಾಡಬೇಕು. ಅದು ಮಾತಾಡುತ್ತಿದ್ದದ್ದೂ ಇಂಗ್ಲಿಷಿನಲ್ಲಿ. ಮೂರು ತಿಂಗಳಿಗೆ ಸಾಕಾಯಿತು. ಆಮೇಲೆ ನಾಲ್ಕು ವರ್ಷ ಮನೆಯಲ್ಲೇ ಇದ್ದೆ. ಆ ನಾಲ್ಕು ವರ್ಷದ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ಕೆಳಗಿನ ಮಹಡಿಗೆ ಶಬಾನಾ ಎಂಬವಳು ಬಾಡಿಗೆಗೆ ಬಂದಳು. ನಿಮ್ಮ ಸಂಭಾಜಿನಗರದವಳೇ, ನಲವತ್ತರ ಆಸುಪಾಸು. ಪಿಂಪಳಗಾಂವ್ ಬಸವಂತದಲ್ಲಿ ದ್ರಾಕ್ಷಿ ಬೆಳೆಗಾರರಿಗೆ ಫೋನಿನಲ್ಲಿ ಸಲಹೆ ಕೊಡುವ ಒಂದು ಕೇಂದ್ರವಿದೆ. ಅಲ್ಲಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವುದು ಅವಳ ಕೆಲಸ. ವಿಜಯಪುರದ ಕಡೆಯ ಬೆಳೆಗಾರರೂ ಅಲ್ಲಿಗೆ ಫೋನ್ ಮಾಡುತ್ತಾರೆ, ಅವರ ಮಾತು ಅಲ್ಲಿ ಯಾರಿಗೂ ತಿಳಿಯುವುದಿಲ್ಲ, ನೀವು ಬನ್ನಿ ಎಂದಳು. ನನಗೆ ಕಾಣುವುದಿಲ್ಲವಲ್ಲ ಎಂದೆ. “ಫೋನ್ ಆಂಖ್ ಸೇ ಉಠಾತೇ ಹೈಂ ಕ್ಯಾ, ದೀದಿ?” ಎಂದು ಕೇಳಿದಳು.

ಫೋನನ್ನು ಕಣ್ಣಿನಿಂದ ಎತ್ತುವುದಿಲ್ಲ, ನಿಜ. ಆದರೆ ಸಲಹೆಯ ಪತ್ರಕಗಳನ್ನು ಓದಬೇಕು, ಯಾರು ಏನು ಕೇಳಿದರೆಂದು ಬರೆದಿಡಬೇಕು. ಅದಕ್ಕೆ ಅವಳು ತನ್ನ ಆಫೀಸಿನವರು ಹಳೆಯದೆಂದು ಮೂಲೆಗೆ ಹಾಕಿದ್ದ ಒಂದು ಕಂಪ್ಯೂಟರನ್ನು ತಂದು ನಮ್ಮ ಊಟದ ಮೇಜಿನ ಮೇಲಿಟ್ಟು ಅದರಲ್ಲಿ ಲಿನಕ್ಸ್ ಹಾಕಿದಳು. ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ ಅದು. ಹಲವು ದೇಶದ ಜನ ಸೇರಿ ಬರೆದದ್ದು, ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದು, ಒಳಗೆ ಏನಿದೆ ಎಂದು ಬಿಚ್ಚಿ ನೋಡಬಹುದು, ಸರಿಯಿಲ್ಲದ್ದನ್ನು ತಿದ್ದಲೂಬಹುದು ಎಂದಳು. ನಮ್ಮವರು ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದರು. “ಕೆಟ್ಟರ ಯಾರನ್ನ ಕೇಳೋದು?” ಎಂದರು. ಎಲ್ಲರನ್ನೂ ಎಂದಳು ಶಬಾನಾ. ಅವರು ಒಪ್ಪಲಿಲ್ಲ.

ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮಾತು ಶುರುವಾಗುತ್ತದೆ. ದನಿ ಚೆನ್ನಾಗಿಲ್ಲ. ನೆಗಡಿಯಾದ ಗಂಡಸು ಡಬ್ಬದೊಳಗೆ ಕೂತು ಓದಿದ ಹಾಗೆ. ಶಬಾನಾ ಕನ್ನಡದ ಒಂದು ಸುದ್ದಿ ಪುಟ ತೆರೆದಳು, ಅವನು ಕನ್ನಡ ಓದಿದ. ಭಾಗ್ಯಶ್ರೀ ಈ ಕಥೆ ಕೇಳಿ, “ಆಗ ನಿನಗ ಅಳು ಬಂತಾ, ದೊಡ್ಡವ್ವ?” ಎಂದಳು. ಬರಲಿಲ್ಲ. ಎರಡನೆಯ ಸಾಲಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು, ಅದು ಪುಟದ ತಪ್ಪೋ ಅವನ ತಪ್ಪೋ ಎಂದು ಯೋಚಿಸುತ್ತಿದ್ದೆ.

ಹೋದ ಜೂನಿನಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಬೆಳಿಗ್ಗೆ ಶಬಾನಾಳ ಜೊತೆ ಎಸ್.ಟಿ. ಬಸ್ಸು. ಆಫೀಸಿನ ಎಂಟೂ ಕಂಪ್ಯೂಟರುಗಳಲ್ಲಿ ಇದೇ ವ್ಯವಸ್ಥೆ. ಫೋನು ಸಾಲಾಗಿ ಹಂಚುವ ಮೆಷಿನ್ನೂ ಅದರಲ್ಲೇ ನಡೆಯುತ್ತದೆ. ತೋಟಗಳಲ್ಲಿ ನಿಲ್ಲಿಸುವ ಒಂದು ಪೆಟ್ಟಿಗೆಯನ್ನು ಶಬಾನಾ ನನ್ನ ಕೈಗೆ ಕೊಟ್ಟಳು. ಒಳಗಿನ ಕಂಪ್ಯೂಟರ್ ಹಲಗೆ ಅಂಗೈಗಿಂತ ಸಣ್ಣದು. ಎಲೆ ಎಷ್ಟು ಹೊತ್ತು ಒದ್ದೆಯಿತ್ತು, ಗಾಳಿಯಲ್ಲಿ ತೇವ ಎಷ್ಟು ಎಂದು ಹತ್ತು ನಿಮಿಷಕ್ಕೊಮ್ಮೆ ಆಫೀಸಿಗೆ ಹೇಳುತ್ತದೆ. ಅದರೊಳಗೂ ಲಿನಕ್ಸ್. ವಾಳೂಜಿನ ಕಾರ್ಖಾನೆಯಲ್ಲಿ ಮಾವ ಬಿಡಿಭಾಗಗಳನ್ನು ತಪಾಸಣೆ ಮಾಡುವ ಮೆಷಿನ್ನಿನಲ್ಲೂ ಇರಬಹುದು, ಕೇಳಿ ನೋಡು. ನಿನ್ನ ಕೈಯಲ್ಲಿರುವ ಫೋನಿನ ತಳದಲ್ಲೂ ಇರುವುದು ಅದೇ ಎಂದು ಶಬಾನಾ ಹೇಳುತ್ತಾಳೆ. ಇಷ್ಟು ದಿನ ನಾವಿಬ್ಬರೂ ಗೊತ್ತಿಲ್ಲದೆ ಬಳಸಿದ್ದೇವೆ.

ಇನ್ನು ನವೆಂಬರಿನಲ್ಲಿ ಆದದ್ದು. ಭಾಗ್ಯಶ್ರೀ ಅರ್ಧ ಹೇಳಿರಬಹುದು, ಪೂರ್ತಿ ನಾನು ಹೇಳುತ್ತೇನೆ.

ತಿಕೋಟಾ ಕಡೆಯ ಚನ್ನಮ್ಮ ಎಂಬವರು ಫೋನ್ ಮಾಡಿದರು. ಗಂಡ ತೀರಿಕೊಂಡಿದ್ದಾನೆ, ಒಂದೂವರೆ ಎಕರೆ ದ್ರಾಕ್ಷಿ ಪಡ ಒಬ್ಬರೇ ನೋಡಿಕೊಳ್ಳುತ್ತಾರೆ. ಎಲೆಯ ಹಿಂದೆ ಬಿಳಿ ಬೂಷ್ಟು ಬಂದಿದೆ ಎಂದರು. ನಾನು ಆ ರೋಗದ ಪತ್ರಕ ತೆರೆದೆ. ದನಿ ಓದಿತು, ನಾನು ಹೇಳಿದೆ: ಲೀಟರಿಗೆ ಇಪ್ಪತ್ತೈದು ಗ್ರಾಂ. ಅವರು ಬರೆದುಕೊಂಡರು. ನಾಲ್ಕು ಸಾಲು ಹೊಡೆಯುವಷ್ಟರಲ್ಲಿ ಪೊಟ್ಟಣ ಖಾಲಿಯಾಯಿತಂತೆ. ಇಡೀ ಪಡಕ್ಕೆ ಸಾಲುವ ಔಷಧ ನಾಲ್ಕು ಸಾಲಿಗೆ ಹೇಗೆ ಮುಗಿಯಿತು ಎಂದು ಅನುಮಾನ ಬಂದು ಮತ್ತೆ ಫೋನ್ ಮಾಡಿದರು. ಆ ಸಲ ಪಕ್ಕದ ಮೇಜಿನವನಿಂದ ಅದೇ ರೋಗದ ಮರಾಠಿ ಪತ್ರಕ ಓದಿಸಿದೆ. ಅದರಲ್ಲಿದ್ದದ್ದು ೨.೫. ಕನ್ನಡ ಅಂಕಿಗಳ ನಡುವಿನ ಚುಕ್ಕೆಯನ್ನು ದನಿ ನುಂಗಿತ್ತು.

ಎರಡು ದಿನಕ್ಕೆ ಆ ನಾಲ್ಕು ಸಾಲಿನ ಎಳೆಯ ಚಿಗುರು ಸುಟ್ಟು ಹೋಯಿತು.

ಕೇಂದ್ರ ನಡೆಸುವವರು ಮನೋರಮಾ ಮೇಡಮ್. ಕೂಗಾಡುವವರಲ್ಲ. ನನ್ನನ್ನು ಕರೆದು ಕೂರಿಸಿ ಮರಾಠಿಯಲ್ಲಿ ನಿಧಾನವಾಗಿ ಹೇಳಿದರು: ತಪ್ಪು ನಿಮ್ಮದೆಂದು ನಾನು ಹೇಳುವುದಿಲ್ಲ, ಆದರೆ ನಾಳೆಯಿಂದ ನೀವು ಪ್ರಮಾಣ ಹೇಳುವುದು ಬೇಡ, ಹೆಸರು ಊರು ಬರೆದುಕೊಂಡು ಫೋನನ್ನು ಬೇರೆಯವರಿಗೆ ದಾಟಿಸಿ. ಬೇರೆಯವರಿಗೆ ಕನ್ನಡ ಬರುವುದಿಲ್ಲ ಎಂದೆ. ಅದು ಅವರಿಗೂ ಗೊತ್ತಿತ್ತು. ಅಂದರೆ ಕನ್ನಡದ ಫೋನುಗಳೇ ನಿಲ್ಲುತ್ತವೆ, ನಾನೂ ಮನೆಗೆ ಹೋಗುತ್ತೇನೆ. ನನಗೆ ಹದಿನೈದು ದಿನ ಕೊಡಿ ಎಂದು ಕೇಳಿದೆ. ಏನು ಮಾಡುತ್ತೀರಿ ಎಂದರು. ಕರಡು ತಿದ್ದುತ್ತೇನೆ ಎಂದೆ.

ಅದನ್ನೇ ಮಾಡಿದೆ. ಕೇಂದ್ರದವರು ಹೊರಗಿನವರಿಂದ ಬರೆಸಿದ್ದ ಕನ್ನಡ ಪತ್ರಕಗಳು ನೂರ ನಲವತ್ತಿದ್ದವು. ಮನೆಗೆ ತಂದು ಒಂದೊಂದು ಅಂಕಿಯನ್ನೂ ದನಿಯಲ್ಲಿ ಕೇಳಿದೆ. ಭಾಗ್ಯಶ್ರೀ ಎದುರಿಗೆ ಕೂತು ಅಚ್ಚಾದ ಪ್ರತಿ ನೋಡಿ ಹೇಳುತ್ತಿದ್ದಳು. ಅವಳಿಗೆ ಕನ್ನಡ ಓದಲು ನೀನು ಕಲಿಸಲಿಲ್ಲ. ಹತ್ತು ಅಂಕಿಗಳನ್ನು ಅರ್ಧ ಗಂಟೆಯಲ್ಲಿ ಕಲಿತಳು. “ಆರು ಅನ್ನೋದು ಒಂಬತ್ತರ ತಂಗಿ ಹಂಗ ಅದ” ಎಂದಳು. ಚುಕ್ಕೆ ನುಂಗಿದ್ದು ಮೂವತ್ತೊಂದು ಕಡೆ. ಅಡ್ಡಗೆರೆಯನ್ನು ಬಿಟ್ಟು “ಎರಡರಿಂದ ಮೂರು” ಎಂಬುದನ್ನು “ಇಪ್ಪತ್ತಮೂರು” ಎಂದು ಓದಿದ್ದು ಒಂಬತ್ತು ಕಡೆ. ಅಷ್ಟು ದಿನ ನಾನು ಹೇಗೆ ಗಮನಿಸಲಿಲ್ಲ ಎಂದು ನನಗೆ ನನ್ನ ಮೇಲೆ ಸಿಟ್ಟು ಬಂತು. ದನಿಯನ್ನು ನಂಬಿಬಿಟ್ಟಿದ್ದೆ. ಛಾಪಖಾನೆಯಲ್ಲಿ ಯಾರ ಕರಡನ್ನೂ ನಾನು ಹಾಗೆ ನಂಬಿದವಳಲ್ಲ.

ಪಟ್ಟಿಯನ್ನು ಶಬಾನಾಗೆ ಕೊಟ್ಟೆ. ಅವಳು ಆ ದನಿಯ ಒಳಗೆ ಕನ್ನಡ ಓದುವ ನಿಯಮಗಳಿರುವ ಕಡತವನ್ನು ತೆರೆದು ನನ್ನ ಎದುರಿಗಿಟ್ಟಳು. ಏನೋ ಯಂತ್ರದ ಭಾಷೆ ಇರಬಹುದು ಎಂದುಕೊಂಡಿದ್ದೆ. ಸಾಲು ಸಾಲಾಗಿ ಬರೆದ ಸಾದಾ ಅಕ್ಷರ. ಈ ಅಕ್ಷರ ಬಂದರೆ ಈ ಶಬ್ದ, ಇದರ ಮುಂದೆ ಇದು ಬಂದರೆ ಹೀಗೆ. ಅದೇ ದನಿಯಲ್ಲಿ ಅದರದೇ ನಿಯಮಗಳನ್ನು ಓದಿಸಿಕೊಂಡು ಕೇಳಿದೆ. ಎಲ್ಲಿ ಏನು ಸೇರಿಸಬೇಕೆಂದು ನಾನು ಹೇಳಿದೆ, ಹೇಗೆ ಸೇರಿಸಬೇಕೆಂದು ಅವಳಿಗೆ ಗೊತ್ತಿತ್ತು. ಆರನೆಯ ದಿನ ಅದು “ಎರಡು ಪಾಯಿಂಟ್ ಐದು” ಎಂದಿತು. ಒಂದಿಷ್ಟು ಒತ್ತಕ್ಷರಗಳನ್ನೂ ಸರಿಮಾಡಿದೆವು.

ಶಬಾನಾ ಅದನ್ನು ಅಷ್ಟಕ್ಕೇ ಬಿಡಲಿಲ್ಲ. ಆ ದನಿಯನ್ನು ನೋಡಿಕೊಳ್ಳುವ ಜನರಿಗೆ ನನ್ನ ಹೆಸರಿನಲ್ಲೇ ಕಳಿಸಿದಳು. ಅವರಲ್ಲೊಬ್ಬರು ಮೂರು ಪ್ರಶ್ನೆ ಕೇಳಿ ಬರೆದರು. ಯಾವ ದೇಶದವರೋ ನನಗೆ ಗೊತ್ತಿಲ್ಲ, ನಾನು ಕಣ್ಣಿಲ್ಲದವಳೆಂದು ಅವರಿಗೂ ಗೊತ್ತಿಲ್ಲ. ಉತ್ತರ ಕೊಟ್ಟೆವು. ಈ ತಿಂಗಳ ಮೊದಲ ವಾರದಲ್ಲಿ ಒಪ್ಪಿಕೊಂಡರು. ಮುಂದಿನ ಆವೃತ್ತಿ ಹಾಕಿಕೊಳ್ಳುವವರಿಗೆಲ್ಲ ಕನ್ನಡದ ಚುಕ್ಕೆ ಕೇಳಿಸುತ್ತದೆ.

ಮನೋರಮಾ ಮೇಡಮ್ ತಾವೇ ಮೂವತ್ತು ಪತ್ರಕ ಆರಿಸಿ ನನ್ನಿಂದ ಪ್ರಮಾಣ ಹೇಳಿಸಿ ತಾಳೆ ನೋಡಿದರು. ಮರುದಿನದಿಂದ ಫೋನು ಮತ್ತೆ ನನ್ನ ಮೇಜಿಗೆ ಬರತೊಡಗಿತು.

ಚನ್ನಮ್ಮನವರಿಗೆ ನಾನೇ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಪರಿಹಾರದ ಮಾತು ಅವರಿಗೂ ಮೇಡಮ್ಮಿಗೂ ನಡುವೆ ಮೊದಲೇ ಮುಗಿದಿತ್ತು, ನಾನು ಫೋನ್ ಮಾಡಿದ್ದು ಅದಕ್ಕಲ್ಲ. ಎಲ್ಲ ಕೇಳಿಸಿಕೊಂಡ ಮೇಲೆ ಅವರು, “ನಿಮಗ ಕಣ್ಣ ಕಾಣಂಗಿಲ್ಲ ಅಂತ ಗೊತ್ತಿದ್ರ ನಾ ನಿಮ್ಮನ್ನ ಕೇಳ್ತಿರಲಿಲ್ರಿ, ಅಕ್ಕಾರ” ಎಂದರು.

“ಈಗ ಗೊತ್ತಾಯ್ತಲ್ರಿ” ಎಂದೆ.

“ಈಗ ಎರಡ ಸಲ ಕೇಳ್ತೀನಿ.”

ಹಾಗೇ ಮಾಡುತ್ತಾರೆ. ವಾರಕ್ಕೊಮ್ಮೆ ಫೋನ್ ಬರುತ್ತದೆ, ಪ್ರತಿ ಪ್ರಮಾಣವನ್ನೂ ಎರಡು ಸಲ ಕೇಳುತ್ತಾರೆ. ನಾನೂ ಎರಡು ಸಲ ಹೇಳುತ್ತೇನೆ. ಆ ನಾಲ್ಕು ಸಾಲಿನಲ್ಲಿ ಎರಡು ಮತ್ತೆ ಚಿಗುರಿವೆ, ಎರಡು ಈ ವರ್ಷಕ್ಕೆ ಹೋದವು.

ನೀನು ಕೇಳಿದ್ದಕ್ಕೆ ಇದು ಉತ್ತರ. ಕಂಪ್ಯೂಟರು ಮಾತಾಡುತ್ತದೆ, ನೌಕರಿ ನಡೆದಿದೆ. ಮೊನ್ನೆ ನಮ್ಮವರು ತಮ್ಮ ಆಫೀಸಿನ ಅರ್ಜಿಯೊಂದನ್ನು ನನ್ನಿಂದ ಟೈಪ್ ಮಾಡಿಸಿಕೊಂಡರು. “ಯಾರನ್ನ ಕೇಳೋದು ಅಂದಿದ್ದೆನಲ್ಲ, ನಿನ್ನನ್ನೇ ಕೇಳೂದಾಯ್ತು” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಸಂಕ್ರಮಣಕ್ಕೆ ನೀನು ಕಳಿಸಿದ ಎಳ್ಳು ಹೋಳಿಗೆ ತಲುಪಿದವು. ಚಳಿಯಲ್ಲಿ ಹೊರಗೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೋ, ನಿನಗೆ ಬೇಗ ಶೀತವಾಗುತ್ತದೆ. ನಿಮ್ಮೆಲ್ಲರಿಗೂ ಬಸವಣ್ಣ ಒಳ್ಳೆಯದು ಮಾಡಲಿ. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಕ್ಕ,
ಜಯಮಾಲಾ

ತಾ. ಕ.
೨೧ ಜನವರಿ, ಮಂಗಳವಾರ

ಲತಾ, ಮೇಲಿನದನ್ನು ಒಂದೇ ದಿನದಲ್ಲಿ ಬರೆದೆ. ಇಲ್ಲಿಂದ ಮುಂದಿನದಕ್ಕೆ ಐದು ದಿನ ಬೇಕಾಯಿತು. ನೀನು ಒಬ್ಬಳೇ ಇರುವಾಗ ಓದು.

ಡಿಸೆಂಬರಿನಲ್ಲಿ ಒಂದು ಸಂಜೆ ಭಾಗ್ಯಶ್ರೀ ಅಡಿಗೆಮನೆಯಿಂದ ಬರುತ್ತ ಸ್ಟೂಲಿಗೆ ಎಡವಿದಳು. ಅದು ಯಾವಾಗಲೂ ಇರುವ ಜಾಗದಲ್ಲೇ ಇತ್ತು. ಆಮೇಲೆ ಒಂದು ವಾರ ಕಿವಿಗೊಟ್ಟೆ. ಹೊತ್ತು ಮುಳುಗಿದ ಮೇಲೆ ಅವಳ ಅಂಗೈ ಗೋಡೆಗೆ ಸವರುತ್ತ ಹೋಗುವ ಸಪ್ಪಳ ಬರುತ್ತಿತ್ತು. ಆ ಸಪ್ಪಳ ನನಗೆ ಗೊತ್ತು.

“ಗ್ವಾಡಿ ಹಿಡ್ದು ಯಾಕ ನಡೀಲತ್ತಿ, ಭಾಗ್ಯಾ?” ಎಂದು ಕೇಳಿದೆ.

“ಕಾಹೀ ನಾಹೀ, ಏನಿಲ್ಲ ದೊಡ್ಡವ್ವ. ಲೈಟ್ ಹಾಕಿಲ್ಲ, ಅದಕ್ಕ.”

“ಲೈಟ್ ಹಾಕಿದ ಸಪ್ಪಳ ನಾ ಕೇಳೀನಿ.”

ಅವಳು ಬಂದು ನನ್ನ ಮಗ್ಗುಲಲ್ಲಿ ಕೂತಳು. “ನಿನಗ ಮೊದಲ ಬಾಜೂಕಿಂದು ಕಾಣದಂಗಾಯ್ತಾ, ಎದುರಿಂದಾ?” ಎಂದಳು. ಬಾಜೂಕಿಂದು ಎಂದೆ. “ನಂದೂ ಹಂಗ” ಎಂದಳು.

ಜೂನಿನಲ್ಲಿ ನಿಮಗೆ ತಿಳಿಸದೆ ಒಬ್ಬಳೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಾಳೆ. ನನಗಿರುವುದೇ ಅವಳಿಗೂ ಇದೆ ಎಂದು ಅವರು ಹೇಳಿದ್ದಾರೆ. ತಂದೆ ತಾಯಿ ಸಂಬಂಧಿಕರೇ ಎಂದು ಕೇಳಿದರಂತೆ. ನನ್ನ ತಂದೆ ನನ್ನ ತಾಯಿಯ ಸೋದರಮಾವ ಎಂದಳಂತೆ. ನಕ್ಷೆ ಬರೆಯುವ ಕೆಲಸ ಇನ್ನು ಕೆಲವು ವರ್ಷ ಆಗಬಹುದು, ಎಷ್ಟೆಂದು ಯಾರೂ ಹೇಳಲಾರರು. ಪರದೆ ಬಂದ್ ಮಾಡಿ, ಬರೀ ಕಿವಿಯಿಂದ ಕಂಪ್ಯೂಟರ್ ನಡೆಸುವುದನ್ನು ಕಲಿಸು ಎಂದು ನನ್ನನ್ನು ಕೇಳಿದಳು. ದಿನಕ್ಕೆ ಒಂದು ಗಂಟೆ ಕಲಿಸಿದ್ದೇನೆ. ಬೇಗ ಕಲಿಯುತ್ತಾಳೆ. ಫೆಬ್ರವರಿಯಲ್ಲಿ ಗಂಡಿನ ಕಡೆಯವರು ಬರುತ್ತಾರಲ್ಲ, ಅದಕ್ಕೆ ಮುಂಚೆ ನಿನಗೆ ಗೊತ್ತಾಗಬೇಕು ಎನ್ನುತ್ತಾಳೆ. “ಅವ್ವಗ ನೀನೇ ಹೇಳು. ನನಗ ಆಗಂಗಿಲ್ಲ” ಎಂದಳು.

ಇಷ್ಟು ಅವಳು ಹೇಳು ಎಂದದ್ದು. ಇನ್ನೊಂದು ಅವಳಿಗೂ ಗೊತ್ತಿಲ್ಲ.

ನನ್ನ ಕಣ್ಣು ಕೆಟ್ಟದ್ದು ನಲವತ್ತರಲ್ಲಿ ಎಂದು ನೀವೆಲ್ಲ ತಿಳಿದಿದ್ದೀರಿ. ಅಲ್ಲ. ಇಪ್ಪತ್ತರಿಂದಲೇ ನನಗೆ ಕತ್ತಲಲ್ಲಿ ಕಾಣುತ್ತಿರಲಿಲ್ಲ. ತೊಂಬತ್ತೇಳರ ಮಾರ್ಚಿನಲ್ಲಿ ಅಪ್ಪ ನನ್ನನ್ನು ಹೈದರಾಬಾದಿಗೆ ಕರೆದುಕೊಂಡು ಹೋದದ್ದು ಸೀರೆ ತರಲು ಎಂದು ನಿನಗೆ ಹೇಳಿದ್ದರು. ಹೋದದ್ದು ಡಾಕ್ಟರ ಹತ್ತಿರ. ಇದು ರಕ್ತಸಂಬಂಧದಲ್ಲಿ ಕೂಡಿ ಬರುವ ರೋಗ, ಈ ಮನೆಯಲ್ಲಿ ಇನ್ನು ಮುಂದೆ ಒಳಗೊಳಗೆ ಹೆಣ್ಣು ಕೊಡಬೇಡಿ ಎಂದು ಅವರು ನನ್ನ ಎದುರಿಗೇ ಅಪ್ಪನಿಗೆ ಹೇಳಿದರು. ಮಾವನಿಗೆ ನಿನ್ನನ್ನು ಗೊತ್ತುಮಾಡಿ ಆಗಿತ್ತು. ಮೇ ತಿಂಗಳಲ್ಲಿ ಒಂದೇ ಹಂದರದಲ್ಲಿ ನಿನ್ನದೂ ನನ್ನದೂ ಮದುವೆ. ಬರುವಾಗ ರೈಲಿನಲ್ಲಿ ಅಪ್ಪ, “ಈ ಮಾತು ಇಲ್ಲಿಗೇ ಬಿಡು” ಎಂದರು. ಅಪ್ಪ ಹೇಳಿದರೆಂದು ಸುಮ್ಮನಾದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಬಾಯಿ ಬಿಟ್ಟರೆ ನನ್ನ ಮದುವೆಯೂ ಮುರಿಯುತ್ತಿತ್ತು. ನಮ್ಮವರಿಗೂ ನಾನು ಹೇಳಲಿಲ್ಲ. ನನಗೆ ಮಕ್ಕಳಾಗಲಿಲ್ಲ, ಭಾಗ್ಯಶ್ರೀ ಸಣ್ಣವಳಿದ್ದಾಗ ಚಂದಾಗಿ ಓಡಾಡುತ್ತಿದ್ದಳು, ಆ ಡಾಕ್ಟರ ಮಾತು ನನ್ನಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ.

ಕ್ಷಮಿಸು ಎಂದು ಬರೆದು ಎರಡು ಸಲ ಅಳಿಸಿದೆ. ಬೈಯಬೇಕೆನಿಸಿದರೆ ಬೈದು ಬರೆ. ಕನ್ನಡದಲ್ಲೇ ಟೈಪ್ ಮಾಡಿ ಕಳಿಸು. ಯಾರ ಕೈಯಲ್ಲೂ ಓದಿಸದೆ ನಾನೇ ಕೇಳಿಕೊಳ್ಳುತ್ತೇನೆ. ಮಾವನಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನಮ್ಮವರಿಗೆ ಈ ವಾರ ನಾನು ಹೇಳುತ್ತೇನೆ.

ಭಾಗ್ಯಶ್ರೀ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಾಳೆ. ಸಿಡ್ಕೊ ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಏಳು ದಾಟಿರುತ್ತದೆ. ರಿಕ್ಷಾದಲ್ಲಿ ನಾನೇ ಮನೆಗೆ ಹೋಗುತ್ತೇನೆ ಎನ್ನುತ್ತಾಳೆ, ಕೇಳಬೇಡ. ನೀನೇ ಹೋಗು. ಬಸ್ಸಿನ ಬಾಗಿಲ ಹತ್ತಿರವೇ ನಿಂತಿರು. ಇಳಿಯುವಾಗ ಮೊದಲು ಅವಳ ಹೆಸರು ಹಿಡಿದು ಕರೆ, ಆಮೇಲೆ ಕೈ ಹಿಡಿ.